ತೆಂಗಿನ ನೆರಳಿನಲ್ಲಿ ಹೂತ ಅರಿಶಿನ

ಪುಟ್ಟೀ, ಚಿನ್ನೂ,

ಹೋದ ರಜೆಯಲ್ಲಿ ಚಾಮರಾಜನಗರದಿಂದ ಬಂದಾಗ ಚಿನ್ನು ವಿಜ್ಞಾನದ ಪುಸ್ತಕ ಹಿಡಿದುಕೊಂಡು ಕೇಳಿದ್ದ: "ಎಲ್ಲಿಂದ, ಯಾವಾಗಿನಿಂದ ಅಂತ ಮೊದಲು ಗೊತ್ತು ಮಾಡಿಕೊಳ್ಳದೆ ಜಾಗಾನೂ ಅಳೆಯೋಕಾಗಲ್ಲ, ಹೊತ್ತನ್ನೂ ಅಳೆಯೋಕಾಗಲ್ಲವಂತೆ. ಯಾಕಜ್ಜಿ?" ಜಗಲಿಯ ಮೇಲೆ ನೆಂಟರು ಕೂತಿದ್ದರು. ನಾನು ಮುದ್ದೆಗೆ ಎಸರಿಡುವ ನೆಪ ಮಾಡಿ ಒಳಗೆ ಹೋಗಿಬಿಟ್ಟೆ. ಅಜ್ಜಿಗೆ ಗೊತ್ತಿಲ್ಲ ಅಂದುಕೊಂಡಿರಿ. ಗೊತ್ತಿತ್ತು. ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ, ಅಷ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಈ ಪಾಠ ಹೇಳಿಕೊಟ್ಟವರು ನಿಮ್ಮ ತಾತ, ತಮಗೆ ಗೊತ್ತಿಲ್ಲದೆಯೇ.

ಗುಂಡ್ಲುಪೇಟೆ ಕಡೆ ನಮ್ಮ ಹೊಲದ ಬದುವಿನಲ್ಲಿ ಒಂಟಿ ತೆಂಗಿನಮರ ಇದೆಯಲ್ಲ, ಅಲ್ಲಿಂದ ದಕ್ಷಿಣಕ್ಕೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಚಳಿಗಾಲ ಕಳೆಯುವಾಗ ಅರಿಶಿನ ಕಿತ್ತು, ಮುಂದಿನ ಬಿತ್ತನೆಗೆ ಒಳ್ಳೊಳ್ಳೆ ಗಡ್ಡೆ ಆರಿಸಿ, ಗುಂಡಿಯಲ್ಲಿ ಒಣಗಿದ ಎಲೆ ಹಾಸಿ ಹೂತಿಡುತ್ತೇವೆ. ಎಲ್ಲರೂ ಗುಂಡಿಯ ಪಕ್ಕ ಒಂದು ಕೋಲು ನೆಡುತ್ತಾರೆ. ತಾತ ನೆಡಲಿಲ್ಲ. ಕೋಲು ಕಂಡರೆ ನೆಂಟರು "ಒಂದು ಕುಕ್ಕೆ ಬೀಜ ಕೊಡು" ಅಂತ ಬರುತ್ತಾರಂತೆ.

"ಗುರುತು ಯಾಕಮ್ಮಿ? ಉಣ್ಣೋ ಒತ್ಗೆ ತೆಂಗಿನ ನೆತ್ತಿ ನೆರಳು ಎಲ್ ಬೀಳ್ತದೋ ಅಲ್ಲೇ ಅದೆ. ಗಡ್ಡೆಗೂ ತಂಪು," ಅಂದರು. ತಮ್ಮ ಜಾಣತನಕ್ಕೆ ತಾವೇ ಮೀಸೆ ಸವರಿಕೊಂಡರು.

ಆಮೇಲೆ ಗೊಬ್ಬರಕ್ಕೆಂದು ಆ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದೆವು. ಕುರಿ ತುಳಿದು ನೆಲವೆಲ್ಲ ಒಂದೇ ಸಮ ಆಯಿತು.

ಮುಂಗಾರಿಗೆ ಮುಂಚೆ ಗಡ್ಡೆ ತೆಗೆಯಲು ಹೋದೆವು. ಬೆಟ್ಟದ ಮೇಲೆ ಮೋಡ ಕಪ್ಪಗೆ ಕೂತಿತ್ತು. ಮಳೆನೀರು ಗುಂಡಿಗೆ ಇಳಿದರೆ ಗಡ್ಡೆ ಕೊಳೆತು ಆ ವರ್ಷದ ಬಿತ್ತನೆಯೇ ಇಲ್ಲ. ತಾತ ಉಣ್ಣುವ ಹೊತ್ತಿಗೆ ಸರಿಯಾಗಿ ನೆರಳಿನಲ್ಲಿ ನಿಂತು ಅಗೆದರು. ಬರೀ ಮಣ್ಣು. ಅಗಲ ಮಾಡಿದರು. ಮಣ್ಣು. ಆಳ ಮಾಡಿದರು. ಅಲ್ಲೂ ಮಣ್ಣೇ.

ಅಷ್ಟರಲ್ಲಿ ಅವರ ಅಣ್ಣ, ಅಂದರೆ ನನ್ನ ಭಾವ, ಬದುವಿನ ಮೇಲೆ ಬಂದು ನಿಂತರು.

"ಏನ್ಲಾ, ಬಾವಿ ತೋಡ್ತಿದ್ದೀಯಾ?"

"ಗಡ್ಡೆ ಕಣಣ್ಣ. ಇಲ್ಲೇ ಊತಿದ್ದೆ."

"ಕಾಲು ಬಂದು ಎದ್ದೋದ್ವೇನ್ಲಾ ಮತ್ತೆ?"

"ಮರಾನೂ ಅದೇ, ಒತ್ತೂ ಅದೇ. ಮೊಬೈಲ್ ನೋಡು, ಹನ್ನೆರಡೂವರೆ. ಅವತ್ತೂ ಹನ್ನೆರಡೂವರೆನೇ!"

ನಾನು ಬುತ್ತಿ ಬಿಚ್ಚಿ ಅದೇ ನೆರಳಿನ ಅಂಚಿನಲ್ಲಿ ಕೂತಿದ್ದೆ. ತಲೆ ಎತ್ತಿದರೆ ಎದುರಿಗೆ ಇಡೀ ಬೆಟ್ಟ, ತೆಂಗಿನಮರ ಬೆನ್ನ ಹಿಂದೆ. ಗಡ್ಡೆ ಹೂತ ದಿನವೂ ನೆರಳಿನಲ್ಲೇ ಕೂತು ಉಂಡಿದ್ದೆವು. ಅವತ್ತು ಬೆಟ್ಟ ನೋಡಬೇಕಾದರೆ ಮರದ ಬೊಡ್ಡೆ ಅಡ್ಡ ಬರುತ್ತಿತ್ತು. ನನಗೆ ಹೊಳೆಯಿತು. ಆದರೆ ಭಾವನ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಸೆರಗು ಎಳೆದುಕೊಂಡು ಮಜ್ಜಿಗೆ ಚೊಂಬಿಗೆ ಹೇಳಿದೆ:

"ನೋಡ್ದಾ ಚೊಂಬೇ, ಅವತ್ತು ಉಣ್ಣಕ್ ಕೂತಾಗ ಬೆಟ್ಟ ಮರದಿಂದ ಆಚ್ಗಿತ್ತು. ಇವತ್ತು ಮರ ನಮ್ ಬೆನ್ನಿಗದೆ."

ತಾತನಿಗೆ ತಲೆಗೆ ಹೋಗಲಿಲ್ಲ. "ಚೊಂಬ್ ಕುಟೆ ಏನೇ ಮಾತು ನಿಂದು? ಮಜ್ಜಿಗೆ ಕೊಡು," ಅಂದರು. ಭಾವ ನನ್ನ ಕಡೆ ನೋಡದೆ ಚೊಂಬಿನ ಕಡೆ ನೋಡಿ ನಕ್ಕರು.

"ಚೊಂಬು ಸರ್ಯಾಗೇ ಏಳ್ತಾ ಅದೆ ಕಣ್ಲಾ. ಬೆಟ್ಟ ಎದ್ದು ಬಂದದಾ? ಇಲ್ಲ. ನೆರಳು ಮರದ ಆ ಮಗ್ಗುಲಿಂದ ಈ ಮಗ್ಗುಲಿಗೆ ಬಂದದೆ. ಅನ್ನೆರಡೂವರೆ ಅಂದ್ರೆ ಆಗೋಯ್ತಾ? ಯಾವ ತಿಂಗಳ ಅನ್ನೆರಡೂವರೆ?"

ಅಷ್ಟೇ ಮಕ್ಕಳಾ. ಚಳಿಗಾಲದಲ್ಲಿ ನಮ್ಮ ಕಡೆ ನಡುಹಗಲ ಸೂರ್ಯ ಬೆಟ್ಟದ ದಿಕ್ಕಿನಲ್ಲಿರುತ್ತಾನೆ, ನೆರಳು ಬಡಗಲಿಗೆ, ಅಂದರೆ ಉತ್ತರಕ್ಕೆ, ಬೀಳುತ್ತದೆ. ಮುಂಗಾರಿನ ಹೊತ್ತಿಗೆ ಅವನು ನೆತ್ತಿ ದಾಟಿ ಬಡಗಲಿಗೆ ಹೋಗಿರುತ್ತಾನೆ, ನೆರಳು ಬೆಟ್ಟದ ಕಡೆ ತಿರುಗುತ್ತದೆ. ತಾತ ಅಳೆದದ್ದರಲ್ಲಿ ತಪ್ಪಿರಲಿಲ್ಲ. ಓಡಾಡುವ ವಸ್ತುವನ್ನು ಹಿಡಿದುಕೊಂಡು ಅಳೆದರು. "ಇಲ್ಲಿ" ಅನ್ನಬೇಕಾದರೆ ಕದಲದೆ ನಿಂತ ಏನಾದರೂ ಬೇಕು. "ಆಗ" ಅನ್ನಬೇಕಾದರೆ ಯಾವತ್ತಿನಿಂದ ಎಣಿಸುತ್ತೇವೆ ಅಂತ ಗೊತ್ತಿರಬೇಕು. ಇನ್ನು ಆ ಬೆಟ್ಟ ನಿಜವಾಗಿ ನಿಂತಿದೆಯಾ ಅಂತ ಚಿನ್ನು ಕೇಳುತ್ತಾನೆ. ಭೂಮಿಯ ಜೊತೆ ಅದೂ ಸುತ್ತುತ್ತದಂತೆ. ಸುತ್ತಲಿ ಬಿಡು, ನಮ್ಮ ಹೊಲವನ್ನೂ ಜೊತೆಗೇ ಕರೆದುಕೊಂಡು ಸುತ್ತುತ್ತದಲ್ಲ, ಗಡ್ಡೆ ಹುಡುಕುವುದಕ್ಕೆ ಅಷ್ಟು ಸಾಕು.

ಅಣ್ಣತಮ್ಮಂದಿರು ಬೆಟ್ಟಕ್ಕೆ ಬೆನ್ನು ಮಾಡಿ, ಮರದ ಬುಡದಿಂದ ಸಾಲು ಹಿಡಿದು ಅಗೆಯುತ್ತಾ ಹೋದರು. ದಪ್ಪ ದಪ್ಪ ಹನಿ ಬೀಳತೊಡಗಿತ್ತು. ಗುದ್ದಲಿ ಮೆತ್ತಗೆ ಇಳಿದ ಕಡೆ ಘಮ್ಮೆಂದು ಅರಿಶಿನದ ವಾಸನೆ ಎದ್ದಿತು. ಮೂವರೂ ಸೇರಿ ಕುಕ್ಕೆಗಳಿಗೆ ತುಂಬಿ, ನನ್ನ ಹಳೇ ಸೀರೆ ಹೊದಿಸಿ ಗಾಡಿಗೆ ಹಾಕಿದೆವು. ಒಂದು ಗಡ್ಡೆಯೂ ಕೊಳೆತಿರಲಿಲ್ಲ. ಭಾವ ತಾವೂ ಒಂದು ಕುಕ್ಕೆ ಹೊತ್ತುಕೊಂಡು ಹೋದರು. ತಾತ ತಡೆಯುವ ಹಾಗಿರಲಿಲ್ಲ.

ಮನೆ ಮುಟ್ಟಿದ ಮೇಲೆ ತಾತ, "ನಾನ್ ಸರ್ಯಾಗೇ ಇಟ್ಟಿದ್ದೆ ಕಣಮ್ಮಿ, ಆ ನೆರಳೇ ನಿಯತ್ತಿಲ್ದೆ ಜಾಗ ಬುಟ್ಟು ಓಯ್ತು," ಅಂದರು. ಕೊನೆಯವರೆಗೂ ಅದೇ ಮಾತು. ನಾನು ಹೂಂ ಅಂದೆ.

ಈ ಹಾಳೆಗಳನ್ನು ಇಲಿ, ನೀರು ತಾಕದ ಕಡೆ ಇಡಿ. ಎಲ್ಲಿಟ್ಟಿರಿ ಅಂತ ಅಮ್ಮ ಕೇಳಿದರೆ ತಾತನ ಹಾಗೆ ಬರೀ "ಅಲ್ಲೇ" ಅನ್ನಬೇಡಿ.