ಹದಿನಾಲ್ಕು ಹುಟ್ಟಿನ ಟಯರ್

ನನ್ನ ಮೊಮ್ಮಗಳಿಗೆ ಇಬ್ಬರು ಅಜ್ಜಂದಿರು. ಅವಳ ಅಪ್ಪನ ಅಪ್ಪನನ್ನು, ಎಂದರೆ ನನ್ನ ಬೀಗರನ್ನು, ಅವಳು ‘ಅಜ್ಜ’ ಎನ್ನುತ್ತಾಳೆ. ನನ್ನನ್ನು ‘ಟಯರ್ ಅಜ್ಜ’ ಎನ್ನುತ್ತಾಳೆ. ದುಬೈಯ ನೈಫ್ ಪೇಟೆಯಲ್ಲಿ ಮೂವತ್ತೊಂದು ವರ್ಷ ಟಯರ್ ಅಂಗಡಿಯಲ್ಲಿ ದುಡಿದವನಿಗೆ ಆ ಹೆಸರಿನಿಂದ ಬೇಸರವಾಗಬಾರದು. ಆಗುತ್ತಿತ್ತು. ಆ ಬೇಸರದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ವರ್ಷಕ್ಕೊಮ್ಮೆ ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬರುತ್ತೇನೆ. ದುಬೈಯಲ್ಲೇ ಮಿರ್ದಿಫ್ ಬಡಾವಣೆಯಲ್ಲಿರುವ ಅವಳ ವಿಲ್ಲಾದಲ್ಲಿ ಬೀಗರೂ ಇದ್ದಾರೆ. ನಾವಿಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ದುಬೈಗೆ ಬಂದವರು. ನಾನು ಟಯರ್ ಎತ್ತುತ್ತ ಉಳಿದೆ, ಅವರು ಒಂದು ಹೋಟೆಲನ್ನು ಮೂರು ಮಾಡಿದರು. ಅದಕ್ಕೆ ನಾನು ಕರುಬಿದವನಲ್ಲ, ದೇವರಾಣೆ. ಕರುಬಿದ್ದು ಬೇರೆಯದಕ್ಕೆ. ಅವರ ಮನೆಮಾತು ತುಳು, ನಮ್ಮದು ಕನ್ನಡ. ಹುಡುಗಿ ಅವರೊಡನೆ ತುಳುವಿನಲ್ಲಿ ಹರಟುತ್ತಾಳೆ, ಜಗಳಾಡುತ್ತಾಳೆ, ಮುನಿಸಿಕೊಳ್ಳುತ್ತಾಳೆ. ನಾನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ.

“ಊಟ ಆಯ್ತಾ ಮಗಾ?”

“ಯಾ, ಐ ಏಟ್.”

ಅಷ್ಟೇ. ಸಂಜೆ ಅವರಿಬ್ಬರೂ ಒಂದೇ ಇಯರ್‌ಫೋನನ್ನು ಕಿವಿಗೊಂದರಂತೆ ಹಂಚಿಕೊಂಡು ಮೊಬೈಲಿನಲ್ಲಿ ಮರಳುಗಾಡಿನ ರೇಸು ನೋಡುತ್ತಿದ್ದರು. ಅದೇ ಸೋಫಾದ ಇನ್ನೊಂದು ತುದಿಯಲ್ಲಿ ನಾನಿರುತ್ತಿದ್ದೆ. ಅವರು ನಗುವಾಗ ಯಾತಕ್ಕೆಂದು ತಿಳಿಯದೆ ನಾನೂ ಒಂದಿಷ್ಟು ನಗುತ್ತಿದ್ದೆ.

ಅವಳಿಗೆ ಹದಿನೆಂಟು ತುಂಬಿದಾಗ ಬೀಗರು ಒಂದು ಹಳೆಯ ಕ್ವಾಡ್ ಬೈಕ್ ಕೊಡಿಸಿದರು. ನಾಲ್ಕು ದಪ್ಪ ಚಕ್ರದ, ಮರಳಿನ ಮೇಲೆ ಓಡಿಸುವ ಗಾಡಿ. ಅವಳ ಕಾಲೇಜಿನ ನಾಲ್ವರು ಹುಡುಗಿಯರು ಶನಿವಾರ ಬೆಳಿಗ್ಗೆ ಅಂಥ ಗಾಡಿಗಳಲ್ಲಿ ಕೆಂಪು ಮರಳಿನ ದಿಬ್ಬಗಳಿಗೆ ಹೋಗುತ್ತಿದ್ದರು. ಅಲ್ಲಿನ ದೊಡ್ಡ ದಿಬ್ಬವನ್ನು ಹತ್ತಿ ತೋರಿಸಿದರೆ ಇವಳೂ ಅವರ ಗುಂಪಿಗೆ. ಒಂದು ತಿಂಗಳಿಂದ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ಗಾಡಿಯಲ್ಲಿ ಇದ್ದದ್ದು ಗಟ್ಟಿ ನೆಲದ ಟಯರು, ಮರಳಿನಲ್ಲಿ ಹೂತುಹೋಗುವಂಥದ್ದು.

“ಬೀಗರೇ, ಟಯರಿನ ವಿಷಯ ನನಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ. ನೀವು ಬನ್ನಿ. ನೀವು ಹೇಳಿದ್ದೇ ಫೈನಲ್,” ಎಂದು ಅವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು.

ಮರಳಿಗೆಂದೇ ಮಾಡುವ ಟಯರಿಗೆ ಪ್ಯಾಡಲ್ ಟಯರ್ ಎನ್ನುತ್ತಾರೆ. ಮಾಮೂಲಿ ಟಯರಿನ ಗೀರುಗಳು ಅದಕ್ಕೆ ಇರುವುದಿಲ್ಲ. ಬದಲಿಗೆ ಮೈಗೆ ಅಡ್ಡವಾಗಿ, ದೋಣಿಯ ಹುಟ್ಟಿನ ಹಾಗೆ, ರಬ್ಬರಿನ ಪಟ್ಟಿಗಳು ಎದ್ದು ನಿಂತಿರುತ್ತವೆ. ಹಿಂದಿನ ಎರಡು ಚಕ್ರಕ್ಕೆ ಅದನ್ನು ಹಾಕಿದರೆ ಹುಟ್ಟು ನೀರನ್ನು ತಳ್ಳಿದಂತೆ ಮರಳನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮೇಲೆ ಒಯ್ಯುತ್ತದೆ. ಕೊನೆಯ ಹತ್ತು ವರ್ಷ ನಾನು ಮಾರಿದ್ದು ಇದನ್ನೇ. ಎಂಜಿನ್ನಿನ ಶಕ್ತಿ ನೋಡಿ ಹುಟ್ಟಿನ ಲೆಕ್ಕ ಹೇಳಬೇಕು. ಪ್ರತಿ ಹುಟ್ಟೂ ತನ್ನ ಪಾಲಿನ ಮರಳನ್ನು ಎತ್ತಬೇಕಲ್ಲ, ಸಣ್ಣ ಎಂಜಿನ್ನಿಗೆ ಅದು ಹೊರೆಯಾಗುತ್ತದೆ. ಅವಳ ಗಾಡಿಗೆ ಎಂಟು ಹುಟ್ಟಿನದು ಸರಿಯಾದದ್ದು. ಅಂಗಡಿಗೆ ಕಾಲಿಡುವ ಮೊದಲೇ ನನಗದು ಗೊತ್ತಿತ್ತು.

ಬೀಗರು ಗೋಡೆಯಲ್ಲಿ ತೂಗುಹಾಕಿದ್ದ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತರು. “ಇದರಲ್ಲಿ ಹದಿನಾಲ್ಕು ಉಂಟು. ಇದು ಹೆಚ್ಚು ಒಳ್ಳೆದಾ?”

ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ದೊಡ್ಡ ದಿಬ್ಬ ಹತ್ತುವಾಗ ಗಾಡಿ ಕುಸಿಯುತ್ತದೆ. ಅಜ್ಜನ ಉಡುಗೊರೆಯ ಬಣ್ಣ ಮಾಸುತ್ತದೆ. ಆಗ ಟಯರ್ ಅಜ್ಜ ಎದ್ದು ಬಂದು, “ತಾ ಇಲ್ಲಿ,” ಎಂದು ಸರಿಮಾಡಿ ಕೊಡುತ್ತಾನೆ.

“ಹುಟ್ಟು ಹೆಚ್ಚಿದ್ದಷ್ಟು ಹಿಡಿತ ಹೆಚ್ಚು,” ಎಂದೆ. ಸುಳ್ಳಲ್ಲ, ಅರ್ಧ ನಿಜ.

ಗಾಡಿ ಯಾವುದೆಂದು ಕೇಳಿ ತಿಳಿದಿದ್ದ ಅಂಗಡಿಯ ಮಲಯಾಳಿ ಬೇಡವೆಂದು ತಲೆಯಾಡಿಸಿದ. “ಚಾಚಾ, ಛೋಟಾ ಗಾಡಿ ಹೈ. ಆಠ್ ಬಸ್.”

“ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷ ನಾನು ಟಯರ್ ಮಾರಿದ್ದೇನೆ,” ಎಂದು ಹಿಂದಿಯಲ್ಲಿ ಅವನ ಬಾಯಿ ಮುಚ್ಚಿಸಿದೆ. ಬೀಗರು ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು. “ಕೇಳಿದೆಯಾ? ಎಕ್ಸ್‌ಪರ್ಟ್ ಇವರು!”

ಶನಿವಾರ ಬೆಳಿಗ್ಗೆ ಆ ನಾಲ್ವರು ಹುಡುಗಿಯರು ಒಬ್ಬರ ಹಿಂದೊಬ್ಬರು ಸರ್ರೆಂದು ದಿಬ್ಬ ಹತ್ತಿ ಮೇಲೆ ಸಾಲಾಗಿ ನಿಂತರು. “ಯಲ್ಲಾ! ಯಲ್ಲಾ!” ಎಂದು ಅರಬಿಯಲ್ಲಿ ಇವಳನ್ನು ಕೂಗಿ ಕರೆದರು. ನಮ್ಮವಳು ಹೊರಟಳು. ಕಾಲುಭಾಗ ಹತ್ತುವಷ್ಟರಲ್ಲಿ ಎಂಜಿನ್ ಏದುಸಿರು ಬಿಡತೊಡಗಿತು. ಅರ್ಧಕ್ಕೆ ನಿಂತೇಹೋಯಿತು. ಮತ್ತೆ ಇಳಿದು ದೂರದಿಂದ ಓಡಿಸಿಕೊಂಡು ಬಂದಳು. ಅಲ್ಲಿಗೇ ನಿಂತಿತು. ನಾಲ್ಕನೆಯ ಸಲ ಬೀಗರು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಎಪ್ಪತ್ತರ ವಯಸ್ಸಿನಲ್ಲಿ ಮರಳಿನ ಮೇಲೆ ತೆವಳುತ್ತ ಹೋಗಿ ಹಿಂದಿನಿಂದ ತಳ್ಳಿದರು. ಚಕ್ರ ಎರಚಿದ ಮರಳು ಅವರ ಮುಖಕ್ಕೆಲ್ಲ ಬಡಿಯಿತು. ನಾನು ಕಾರಿನ ನೆರಳಿನಲ್ಲಿ ನಿಂತು ನೋಡಿದೆ. ಅಂದುಕೊಂಡದ್ದೆಲ್ಲ ಅಂದುಕೊಂಡ ಹಾಗೇ ಆಯಿತು.

ಆಗದೆ ಉಳಿದದ್ದು ನನ್ನ ಸರದಿ ಮಾತ್ರ. ಅವಳು ಟಯರನ್ನು ದೂರಲಿಲ್ಲ, ಗಾಡಿಯನ್ನೂ ದೂರಲಿಲ್ಲ. ಹೆಲ್ಮೆಟ್ ತೆಗೆದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಮನೆಯವರೆಗೂ ಕಿಟಕಿಯ ಆಚೆ ನೋಡಿದಳು. ಸಂಜೆ ಗಾಡಿಯ ಕೀ ತಂದು ಬೀಗರ ಕೈಯಲ್ಲಿಟ್ಟು ತುಳುವಿನಲ್ಲಿ ಏನೋ ಹೇಳಿದಳು.

“ಎಂತ ಹೇಳಿದಳು?” ಎಂದು ಮಗಳನ್ನು ಕೇಳಿದೆ.

“ಮಾರಿಬಿಡಿ ಅಂತೆ ಅಪ್ಪ. ಗೇರ್ ಹಾಕ್ಲಿಕ್ಕೆ ತನಗೆ ಬರುದಿಲ್ಲ, ಧೈರ್ಯವೂ ಇಲ್ಲ, ಎಲ್ಲರೆದುರು ಗೊತ್ತಾಯ್ತು ಅಂತೆ.”

“ಟಯರ್ ಬದಲಾಯಿಸಿ ಕೊಡ್ತೇನೆ, ಇನ್ನೊಂದು ಸಲ ನೋಡು ಮಗಾ,” ಎಂದು ಮರುದಿನ ಹೇಳಿದೆ. “ಇಟ್ಸ್ ನಾಟ್ ದ ಟಯರ್ಸ್,” ಎಂದು ಎದ್ದುಹೋದಳು. ಗುಂಪಿನ ಹುಡುಗಿಯರು ಫೋನ್ ಮಾಡಿದರೆ ಎತ್ತಲಿಲ್ಲ. ಬೀಗರ ಜೊತೆ ರೇಸು ನೋಡುವುದನ್ನೂ ಬಿಟ್ಟಳು. ಸೋಫಾದಲ್ಲಿ ಈಗ ಮುದುಕರಿಬ್ಬರೇ.

ಮಂಗಳವಾರ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ನೂಡಲ್ಸ್ ಬೇಯಿಸುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದೆ. ಎಂಟು ಬೇಕಾದಲ್ಲಿ ಹದಿನಾಲ್ಕು ಕೊಡಿಸಿದೆ ಎಂದೆ, ಗೊತ್ತಿದ್ದೇ ಕೊಡಿಸಿದೆ ಎಂದೆ, ಯಾಕೆಂದೂ ಹೇಳಿದೆ. ಅವಳು ಸ್ಟೌ ಆರಿಸಿದಳು.

“ಸೋ ಇಟ್ ವಾಸಂಟ್ ಮಿ?”

“ನೀನಲ್ಲ ಮಗಾ. ಆ ಟಯರಿನಲ್ಲಿ ಯಾರು ಓಡಿಸಿದರೂ ಹತ್ತುತ್ತಿರಲಿಲ್ಲ.”

ಅವಳ ಮುಖದಲ್ಲಿ ಮೊದಲು ಬೆಳಕು ಬಂತು, ಹಿಂದೆಯೇ ಸಿಟ್ಟು.

“ಎಂತಕ್ಕೆ ಅಜ್ಜ? ನಾನು ನಿಮಗೆ ಎಂತ ಮಾಡಿದ್ದೆ?”

ಶುದ್ಧ ಕನ್ನಡ. ಟಯರ್ ಅಜ್ಜ ಅಲ್ಲ, ಬರೀ ಅಜ್ಜ. ಅಷ್ಟು ವರ್ಷ ಕೇಳಬೇಕೆಂದು ಆಸೆಪಟ್ಟದ್ದನ್ನು ಹಾಗೆ ಕೇಳಿದೆ. ಅವಳು ತಟ್ಟೆ ಎತ್ತಿಕೊಂಡು ನನ್ನನ್ನು ದಾಟಿ ಹೋಗುತ್ತ, “ಅಜ್ಜನಿಗೆ ನೀವೇ ಹೇಳ್ಬೇಕು,” ಎಂದಳು.

ಹೇಳಿದೆ. ಬೀಗರು ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟರು. “ನನಗೆ ಟಯರ್ ಗೊತ್ತಿಲ್ಲ ಬೀಗರೇ. ಅದಕ್ಕೇ ಅಲ್ವಾ ನಿಮ್ಮನ್ನು ಕರ್ಕೊಂಡು ಹೋದದ್ದು?” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ನಾಲ್ಕು ದಿನ ಅವರು ನನ್ನ ಜೊತೆ ಚಹಾ ಕುಡಿಯಲಿಲ್ಲ.

ಅಷ್ಟರಲ್ಲಿ ನಾನು ಅಂಗಡಿಗೆ ಹೋಗಿ ಆ ಮಲಯಾಳಿಯ ಕ್ಷಮೆ ಕೇಳಿ, ಎಂಟು ಹುಟ್ಟಿನವನ್ನು ತಂದು, ಅಂಗಳದಲ್ಲಿ ಕುಳಿತು ಕೈಯಾರೆ ಹಾಕಿದೆ. ಹುಟ್ಟುಗಳು ಸರಿಯಾದ ದಿಕ್ಕಿಗೆ ತಿರುಗುತ್ತವೆಯೇ ಎಂದು ಮತ್ತೆ ಮತ್ತೆ ನೋಡಿದೆ. ಇಬ್ಬರಲ್ಲಿ ಯಾರೂ ಹೊರಗೆ ಬರಲಿಲ್ಲ.

ಶನಿವಾರ ಅವಳು ಹತ್ತಿದಳು. ಮೊದಲನೆಯ ಸಲವೇ, ಎಲ್ಲೂ ನಿಲ್ಲದೆ. ಮೇಲಿದ್ದ ಹುಡುಗಿಯರು ಅವಳನ್ನು ಮುತ್ತಿಕೊಂಡರು. ಇಳಿದು ಬಂದವಳು ನೇರವಾಗಿ ಬೀಗರ ಹತ್ತಿರ ಹೋಗಿ ಅವರ ಹೆಗಲಿಗೆ ತಲೆಯಿಟ್ಟಳು. ಇಬ್ಬರೂ ತುಳುವಿನಲ್ಲಿ ನಗುನಗುತ್ತ ಮಾತಾಡತೊಡಗಿದರು. ನಾಲ್ಕು ಮಾರು ದೂರದಲ್ಲಿ ನಾನು ನಿಂತಿದ್ದೆ. ಪಶ್ಚಾತ್ತಾಪ ಪಟ್ಟವನ ಹೊಟ್ಟೆ ತಣ್ಣಗಾಗುತ್ತದೆ ಎನ್ನುತ್ತಾರೆ. ನನ್ನದು ಹಾಗೇ ಉರಿಯಿತು.

ಅಲ್ಲಿಂದಲೇ ಅವಳು ಕೂಗಿದಳು. “ಟಯರ್ ಅಜ್ಜ, ಕ್ಯಾನ್ ಯು ಚೆಕ್ ದ ಏರ್? ಹಿಂದಿನದು ಸ್ವಲ್ಪ ಜಾಸ್ತಿ ಆಯ್ತಾ ಅಂತ.”

ಮಂಡಿಯೂರಿ ಕುಳಿತು ಗೇಜು ಇಟ್ಟು ನೋಡಿದೆ. ಕೂದಲೆಳೆಯಷ್ಟು ಜಾಸ್ತಿ ಇತ್ತು. ಅಷ್ಟು ಗಾಳಿಯನ್ನು ಹೊರಗೆ ಬಿಟ್ಟೆ. ಹಿಂದೆ ಅವರಿಬ್ಬರ ನಗು ಕೇಳುತ್ತಲೇ ಇತ್ತು. ಎರಡೂ ಚಕ್ರವನ್ನು ಇನ್ನೊಂದು ಸಲ ಅಳೆದೆ.