ಪಕ್ಕದ ಮನೆಯ ಅಕ್ಕ ಕಂಡ ಸಂಖ್ಯೆ

ಮೊನ್ನೆ ಮಡಂತ್ಯಾರು ಪೇಟೆಯಲ್ಲಿ ಇಸ್ತ್ರಿ ಅಂಗಡಿಯವನು ಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ಬಂಟ್ವಾಳದ ನಮ್ಮ ಪಕ್ಕದ ಮನೆಯ ಜಗಲಿ ನೆನಪಾಯಿತು. ಜೊತೆಗೆ, ಇಷ್ಟು ವರ್ಷವಾದರೂ ಆರದ ಸಿಟ್ಟೂ ಬಂತು.

ಐವತ್ತರ ದಶಕದ ಕೊನೆ. ಪಕ್ಕದ ಮನೆಯ ಅಕ್ಕ ಎಂಟನೆಯ ತರಗತಿಯಲ್ಲಿದ್ದಳು, ನಾನು ಐದರಲ್ಲಿ. ಒಂದು ಭಾನುವಾರ ಅವಳು ಒಂದನ್ನು ಏಳರಿಂದ ಭಾಗಿಸುತ್ತ ಕೂತಿದ್ದಳು. ಅದು ಮುಗಿಯುವ ಲೆಕ್ಕವಲ್ಲ. ೧೪೨೮೫೭ ಎಂಬ ಆರು ಅಂಕಿಗಳು ಮತ್ತೆ ಮತ್ತೆ ಬರುತ್ತಲೇ ಇದ್ದವು. ಅವಳಿಗೆ ಏನು ಹೊಳೆಯಿತೋ... ಅದನ್ನೇ ಒಂದು ಸಂಖ್ಯೆಯಾಗಿ ಇದ್ದಿಲಿನಿಂದ ಜಗಲಿಯ ಮೇಲೆ ಬರೆದು ಎರಡರಿಂದ ಗುಣಿಸಿದಳು: ೨೮೫೭೧೪. ಮೂರರಿಂದ: ೪೨೮೫೭೧. ಅವೇ ಅಂಕಿಗಳು, ಅದೇ ಸಾಲು. ಹೊರಡುವ ಜಾಗ ಮಾತ್ರ ಬೇರೆ. ಆರರವರೆಗೂ ಹಾಗೆಯೇ. ಏಳರಿಂದ ಗುಣಿಸಿದರೆ ಬರೀ ಒಂಬತ್ತುಗಳು! ನಡುವೆ ತುಂಡು ಮಾಡಿ ೧೪೨ಕ್ಕೆ ೮೫೭ ಕೂಡಿಸಿದರೂ ಒಂಬತ್ತುಗಳೇ.

"ನೋಡು ಮಾರಾಯ್ತಿ, ಇದು ತಿರುಗ್ತಾ ಉಂಟು!" ಎಂದು ಕೂಗಿದಳು.

ಮರುದಿನ ಲೆಕ್ಕದ ಮಾಸ್ತರರಿಗೆ ತೋರಿಸಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಪುಸ್ತಕದಿಂದ ಕದ್ದದ್ದು?"

ತಾನೇ ಕಂಡದ್ದೆಂದಳು. ಎದುರು ಮಾತನಾಡಿದಳೆಂದು ಅಂಗೈಗೆ ಬೆತ್ತ ಬಿತ್ತು. ನಕಲು ಮಾಡಿದ್ದೆಂದು ಎಲ್ಲರೆದುರು ಒಪ್ಪುವ ತನಕ ತರಗತಿಗೆ ಬರಕೂಡದು ಎಂದರು.

ಅವಳ ಅಪ್ಪನಿಗೆ ಅಷ್ಟೇ ಸಾಕಾಯಿತು. "ಒಪ್ಪಿದ್ರೆ ಶಾಲೆ, ಇಲ್ಲದಿದ್ರೆ ಒಲೆ" ಎಂದರು. ಅಮ್ಮ ಅತ್ತರು: "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತದೆ ಮಗಾ?"

"ಹೇಳುದಿಲ್ಲ. ಅದನ್ನು ಕಂಡದ್ದು ನಾನು."

ಹೇಳಲೇ ಇಲ್ಲ. ಶಾಲೆ ನಿಂತಿತು. ಮುಂದೆ ಚಾರ್ಮಾಡಿಯ ಕಡೆಗೆ ಮದುವೆ ಮಾಡಿ ಕಳಿಸಿದರು. ನಾನು ಎಂಟಕ್ಕೆ ಬಂದಾಗ ಅದೇ ಮಾಸ್ತರರು ಅದೇ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು, ತಮ್ಮದೇ ಚಮತ್ಕಾರವೆಂಬಂತೆ ತೋರಿಸಿ ಮೀಸೆ ತಿರುವಿದರು. "ಅದು ಪಕ್ಕದ ಮನೆಯ ಅಕ್ಕ ಕಂಡದ್ದು" ಎಂದು ನಾನು ಎದ್ದು ಹೇಳಿದೆ. ಆ ಪೀರಿಯಡ್ ಇಡೀ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಎಂಥಾ ಮನುಷ್ಯ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಅರುವತ್ತರ ದಶಕ ಮುಗಿಯುತ್ತಿದ್ದಾಗ ಮಾಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಕ್ಕ ಸಿಕ್ಕಿದಳು. ಕಂಕುಳಲ್ಲಿ ಮಗು. ಆ ಸಂಖ್ಯೆ ನೆನಪುಂಟಾ ಎಂದು ಕೇಳಿದೆ. ಅವಳ ಮುಖ ಕೆಂಪಾಯಿತು.

"ಮರೆತಿದ್ರೆ ಸುಖವಾಗಿರ್ತಿದ್ದೆ. ಪೆಟ್ಟು ಬಿದ್ದದ್ದು ಹೋಗಲಿ ಮಾರಾಯ್ತಿ. 'ನಿನಗೆ ಅದು ಹೇಗೆ ಸಿಕ್ಕಿತು' ಅಂತ ನನ್ನತ್ರ ಒಬ್ಬರಾದರೂ ಕೇಳಿದ್ರಾ? ಒಬ್ಬರು?"

ಬಸ್ಸು ಬಂತು...

ಕಳೆದ ವರ್ಷ ಅಕ್ಕ ತೀರಿಕೊಂಡಳು. ಉತ್ತರಕ್ರಿಯೆಯ ಊಟದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಷ್ಟು ತಾಳ್ಮೆಯ ಹೆಂಗಸು!" ತಾಳ್ಮೆಯಂತೆ! ಅವಳಲ್ಲಿ ಇದ್ದದ್ದು ಸಿಟ್ಟು, ಕೊನೆಯ ತನಕ. ಅವಳು ಕಂಡದ್ದನ್ನು ಕಿತ್ತುಕೊಂಡದ್ದು ಸಾಲದೆ, ಈಗ ಆ ಸಿಟ್ಟನ್ನೂ ಕಿತ್ತುಕೊಳ್ಳುತ್ತಿದ್ದಾರೆ. ಅಲ್ಲವೆಂದು ಹೇಳಲು ಅವಳೇ ಇಲ್ಲ.