ಟೈರಿನ ಒಳಮಗ್ಗುಲು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಮಧುಗಿರಿಯ ಒಂದು ಖಾಸಗಿ ಬಸ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದೆ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಹೊಸ ಟೈರಂತೂ ಕನಸು. ಹಾಗಾಗಿ ಹೊರ ಅಂಚು ಸವೆದ ಟೈರನ್ನು ಬಿಚ್ಚಿ, ತಿರುಗಿಸಿ ಹಾಕುತ್ತಿದ್ದೆವು. ಸವೆದ ಭಾಗ ಒಳಮಗ್ಗುಲಿಗೆ ಹೋಗುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಟೈರು ಗಟ್ಟಿಯಾಗಿ ಕಾಣುತ್ತಿತ್ತು. ಬರಬರುತ್ತಾ ನಾವೂ ಅದನ್ನೇ ನಂಬಿದೆವು.

ಪಾವಗಡದ ಬಸ್ಸಿನ ಎಡ ಮುಂಚಕ್ರಕ್ಕೆ ಒಂದು ಸಂಜೆ ಹಾಗೆಯೇ ಮಾಡಿದೆ. ಮರುದಿನ ಬೆಳಿಗ್ಗೆ ಏಳು ತಿಂಗಳ ಬಸುರಿ ಹೆಂಡತಿ ಗಂಗಮ್ಮನನ್ನು ಅದೇ ಬಸ್ಸಿನಲ್ಲಿ ತವರಿಗೆ ಕಳಿಸಿ, ಮನೆಗೆ ಬಂದು ಮುದ್ದೆಗೆ ಕೈಯಿಟ್ಟೆ. ಅಂಗೈ ಉರಿಯಿತು. ತುಂಬ ಗೀರುಗಳು. ಹಿಂದಿನ ದಿನ ತಿರುಗಿಸುವ ಮುಂಚೆ ಟೈರನ್ನು ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿತ್ತು. ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದಂತೆ ಕೊರೆದಿತ್ತು. ಬರೀ ಹಳತಾದ ರಬ್ಬರು ಹಾಗಾಗುವುದಿಲ್ಲ. ಮುಂಚಕ್ರಗಳ ಮೂತಿ ಒಂದರ ಕಡೆಗೊಂದು ತಿರುಗಿ, ರಸ್ತೆಗೆ ಅಡ್ಡಡ್ಡ ಉಜ್ಜಿಕೊಂಡು ಹೋದರೆ ಹಾಗಾಗುತ್ತದೆ. ಚಕ್ರಗಳ ನಡುವಿನ ಅಂತರವನ್ನು ನಾನು ಅಳೆದೇ ಇರಲಿಲ್ಲ.

ಆ ದಾರಿಯಲ್ಲೊಂದು ಕೆರೆ ಏರಿ. ಉಜ್ಜಿ ತೆಳುವಾದ ಟೈರು ಅಲ್ಲಿ ಸಿಡಿದರೆ ಬಸ್ಸು ನೀರಿಗೆ.

ಅಳೆಯುವ ಬಿದಿರ ಕಡ್ಡಿ, ಸ್ಪ್ಯಾನರ್ ಹಿಡಿದು ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ದೇವರನ್ನು ನೆನೆದೆ ಎಂದು ಹಲವರಿಗೆ ಹೇಳಿದ್ದೇನೆ. ನಿಜವಾಗಿ ಬಾಯಿ ಒಣಗಿದ್ದು ಬಿಟ್ಟರೆ ಏನೂ ನೆನಪಿಲ್ಲ. ಇದ್ದಿಲು ಕೆದಕಲೆಂದು ಬಸ್ಸು ಏರಿಗೆ ಮುಂಚೆ ನಿಂತಿತ್ತು.

"ಏನ್ ಮೇಸ್ತ್ರಿ, ಬೀವೀನ ಒಂದಿನ ಬುಟ್ಟಿರಕ್ಕಾಗಲ್ವಾ?" ಶಿರಾದ ಡ್ರೈವರ್ ರಸೂಲ್ ಸಾಬರು ನಕ್ಕರು.

"ಎಡಗಡೆ ಚಕ್ರದ ಒಳಮಗ್ಗುಲು ಮುಟ್ನೋಡಿ ಸಾಬ್ರೇ."

ಕೈ ಹಾಕಿದರು. ನಗು ನಿಂತಿತು. ಸವೆದ ಕಡೆ ಟೈರು ನಿಂಬೆಹಣ್ಣಿನಷ್ಟು ಉಬ್ಬಿಕೊಂಡಿತ್ತು.

"ಯಾ ಅಲ್ಲಾ! ಇದುನ್ನ ತಿರುಗ್ಸಿ ಹಾಕ್ದೋನು ಯಾವನ್ಲಾ?"

"ನಾನೇ."

ಸ್ಟೆಪ್ನಿ ಹಾಕಿದೆವು. ಕಡ್ಡಿಯನ್ನು ಎರಡೂ ಮುಂಚಕ್ರಗಳ ನಡುವೆ, ಮೊದಲು ಮುಂದುಗಡೆ, ಆಮೇಲೆ ಹಿಂದುಗಡೆ ಹಿಡಿದು ಅಳೆದೆ. ಮುಂದಿನ ಅಂತರ ಹಿಂದಿನದಕ್ಕಿಂತ ಅಂಗುಲದ ಎಂಟನೇ ಒಂದು ಭಾಗದಷ್ಟು ಕಡಿಮೆ ಇರಬೇಕು. ಅದಕ್ಕೆ ಟೋ-ಇನ್ ಎನ್ನುತ್ತಾರೆ. ಇಲ್ಲಿ ಮುಕ್ಕಾಲು ಅಂಗುಲ ಕಡಿಮೆಯಿತ್ತು. ಚಕ್ರಗಳನ್ನು ಜೋಡಿಸುವ ಟೈ-ರಾಡ್ ಎಂಬ ಸರಳಿನ ನಟ್ಟು ಸಡಿಲವಾಗಿ ಅಳತೆ ತಪ್ಪಿತ್ತು. ತಿರುಗಿಸಿ ಸರಿಪಡಿಸಿ ಬಿಗಿದೆ.

"ಈಗ ಹತ್ಬೋದಾ?" ಮರದಡಿ ಕುಳಿತಿದ್ದ ಗಂಗಮ್ಮ ಕೇಳಿದಳು.

ಮತ್ತೆ ಅಳೆದೆ. ಇನ್ನೊಮ್ಮೆ ಅಳೆದೆ. ಕೊನೆಗೆ ನಾನೂ ಹತ್ತಿ, ಎಡಗಡೆಯ ಮೊದಲ ಸೀಟಿನಲ್ಲಿ ಅವಳ ಪಕ್ಕ ಕುಳಿತೆ.

ಟೈರನ್ನು ತಿರುಗಿಸುವ ಮೊದಲು ಅದೇಕೆ ಸವೆಯಿತೆಂದು ಕೇಳಬೇಕು ಎಂಬುದನ್ನು ನನಗೆ ಕಲಿಸಿದ್ದು ಆ ಬೆಳಿಗ್ಗೆ. ಇಂದಿಗೂ ನಿಂತ ಗಾಡಿ ಕಂಡರೆ ನನ್ನ ಕೈ ಚಕ್ರದ ಒಳಮಗ್ಗುಲಿಗೆ ಹೋಗುತ್ತದೆ.